ಕುರಿ ಬಾಯಿ ಹಾಕದ ಹೂದೋಟ

ನಾನು ಮದುವೆಯಾಗಿ ಚಳ್ಳಕೆರೆಗೆ ಬಂದಾಗ ನಮ್ಮ ಮನೆಯ ಮುಂದಿದ್ದ ಗಿಡಗಳಲ್ಲಿ ತುಳಸಿಯೊಂದನ್ನು ಬಿಟ್ಟರೆ ವಿಷವಿಲ್ಲದ್ದು ಯಾವುದೂ ಇರಲಿಲ್ಲ. ಬೇಲಿಯ ಉದ್ದಕ್ಕೂ ಕೆಂಪು ಮತ್ತು ಬಿಳಿ ಕಣಗಿಲೆ. ಮೂಲೆಯಲ್ಲಿ ಆಳೆತ್ತರದ ಎಕ್ಕ. ಬಚ್ಚಲ ನೀರು ಹರಿದುಹೋಗುವ ಕಡೆ ಉಮ್ಮತ್ತಿ, ಮೈತುಂಬ ಮುಳ್ಳುಕಾಯಿ ಬಿಟ್ಟುಕೊಂಡು ನಿಂತಿತ್ತು. ಬಾಗಿಲ ಎರಡೂ ಪಕ್ಕ ನಿತ್ಯಪುಷ್ಪ. ಗೇಟಿನ ಕಲ್ಲುಕಂಬಕ್ಕೆ ಗುಲಗಂಜಿಯ ಬಳ್ಳಿ ಸುತ್ತಿಕೊಂಡಿತ್ತು.

ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನನ್ನವರು ನನ್ನಿವಾಳದ ಶಾಲೆಯಲ್ಲಿ ಮೇಷ್ಟರು. ಮಾವನವರು ತೀರಿಕೊಂಡು ವರ್ಷಗಳಾಗಿದ್ದವು, ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಪರಶುರಾಂಪುರದ ರಸ್ತೆಯಲ್ಲಿ ಕೊನೆಯ ಎಣ್ಣೆ ಮಿಲ್ಲನ್ನು ದಾಟಿದರೆ ನಮ್ಮ ಮನೆ, ಅದರಾಚೆ ಕುರಿ ಕೂಡುವ ಒಂದು ರೊಪ್ಪ, ಅಲ್ಲಿಂದ ಮುಂದೆ ಬರೀ ಬಯಲು. ಗಾಳಿ ಊರಿನ ಕಡೆಯಿಂದ ಬೀಸಿದರೆ ಶೇಂಗಾ ಎಣ್ಣೆಯ ವಾಸನೆ, ಬಯಲ ಕಡೆಯಿಂದ ಬೀಸಿದರೆ ಕುರಿಯ ವಾಸನೆ.

ತರಬೇತಿಯ ದಿನಗಳಲ್ಲಿ ವಿಷ ಸೇವಿಸಿ ಬಂದವರನ್ನು ಸಾಕಷ್ಟು ನೋಡಿದ್ದ ನನಗೆ ಆ ತೋಟ ಕಂಡು ಸುಮ್ಮನಿರಲಾಗಲಿಲ್ಲ. ಬಂದ ವಾರದಲ್ಲೇ ಒಂದು ಬೆಳಿಗ್ಗೆ ಧೈರ್ಯ ಮಾಡಿ ಕಣಗಿಲೆ ತೋರಿಸಿ ಹೇಳಿದೆ.

"ಅತ್ತೆ, ಇದು ವಿಷ ಕಣ್ರಿ."

"ಗೊತ್ತು," ಎಂದರು ಅತ್ತೆ, ನೀರು ಹಾಕುತ್ತ.

"ಆ ಉಮ್ಮತ್ತೀನೂ ವಿಷ."

"ಅದೂ ಗೊತ್ತು."

"ಮತ್ಯಾಕೆ ಬೆಳಸ್ತೀರಿ?"

"ಹೂವು ಬಿಡ್ತೈತಲ್ಲವ್ವ. ನಿನಗೆ ತಿನ್ನಾಕೆ ಯಾರು ಹೇಳಿದ್ರು?"

ಅತ್ತೆ ಮೊಳಕಾಲ್ಮೂರು ಸೀಮೆಯವರು. ಸಿದ್ದಾಪುರದ ಬಂಡೆಗಳ ನಡುವೆ ಹುಟ್ಟಿ ಬೆಳೆದವರು. ಕನ್ನಡದಲ್ಲಿ ಮಾತು ಶುರು ಮಾಡಿ ನಡುವೆ ತೆಲುಗಿಗೆ ದಾಟಿ ಮತ್ತೆ ಕನ್ನಡಕ್ಕೆ ಬರುವುದು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಕಣಗಿಲೆ ಅವರ ಬಾಯಲ್ಲಿ ಗನ್ನೇರು, ಎಕ್ಕ ಜಿಲ್ಲೇಡು. ಹೂವೆಂದರೆ ಪ್ರಾಣ. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಗುಲಾಬಿ, ಮಲ್ಲಿಗೆ, ದಾಸವಾಳ, ಸೇವಂತಿಗೆ ಎಲ್ಲವನ್ನೂ ನೆಟ್ಟು ನೋಡಿದ್ದರಂತೆ. ಬೆಳಿಗ್ಗೆ ಬಯಲಿಗೆ ಹೋಗುವ ಕುರಿಗಳು ಒಂದು ಬಾಯಿ ಹಾಕಿದರೆ, ಸಂಜೆ ವಾಪಸು ಬರುವ ಮೇಕೆಗಳು ಬುಡದವರೆಗೂ ಮೇಯ್ದು ಮುಗಿಸುತ್ತಿದ್ದವು. ಜಾಲಿಮುಳ್ಳಿನ ಬೇಲಿ ಹಾಕಿದರೆ ಅದರೊಳಗೂ ಮೂತಿ ತೂರಿಸುತ್ತಿದ್ದವು. ಕೊನೆಗೆ ಅವರು ಸಿಟ್ಟು ಬಿಟ್ಟು, ಯಾವುದನ್ನು ಕುರಿಮೇಕೆ ಮೂಸಿ ನೋಡಿ ಬಿಟ್ಟುಹೋಗುತ್ತವೋ ಅದಕ್ಕೇ ನೀರೆರೆಯತೊಡಗಿದರು. ಹಾಗೆ ಉಳಿದು ಬಂದದ್ದು ಈ ತೋಟ. ದಿನಾ ಬೆಳಿಗ್ಗೆ ಅದರ ಹೂವನ್ನೇ ಬಿಡಿಸಿ ಶಿವನ ಪಟಕ್ಕೆ ಏರಿಸುತ್ತಿದ್ದರು. "ಕುರಿ ಒಲ್ಲೆ ಅಂದಿದ್ದೆಲ್ಲ ಶಿವನಿಗೆ ಆಗ್ತೈತೆ, ನೋಡು ಎಂಥಾ ಒಳ್ಳೇವ್ನು," ಎಂದು ನಗುತ್ತಿದ್ದರು.

ಅಜಾಗರೂಕತೆ ಮಾತ್ರ ಅವರಲ್ಲಿ ಇರಲಿಲ್ಲ. ಗಿಡ ಮುಟ್ಟಿದ ಮೇಲೆ ಕೈ ತೊಳೆಯದೆ ಒಳಗೆ ಕಾಲಿಡುತ್ತಿರಲಿಲ್ಲ. ಓಣಿಯ ಮಕ್ಕಳು ಗುಲಗಂಜಿಯ ಕೆಂಪು ಬೀಜಕ್ಕೆ ಆಸೆಪಟ್ಟು ಗೇಟಿನ ಹತ್ತಿರ ಬಂದರೆ ಗದರಿಸಿ ಬೀಜ ಕಿತ್ತುಕೊಂಡು, ಅಳುವ ಮೊದಲೇ ಬೊಗಸೆಗೆ ಹುರಿದ ಶೇಂಗಾ ಸುರಿಯುತ್ತಿದ್ದರು. ಶೇಂಗಾದ ಆಸೆಗೇ ಬೀಜ ಕೀಳಲು ಬರುವ ಮಕ್ಕಳೂ ಇದ್ದರು.

ಆ ಗಿಡಗಳಿಗೆ ಓಣಿಯಲ್ಲಿ ಬೇಡಿಕೆಯೂ ಇತ್ತು. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಬೆಳಿಗ್ಗೆ ನಿತ್ಯಪುಷ್ಪದ ಎಲೆ ಕೇಳಿಕೊಂಡು ಬರುತ್ತಿದ್ದರು. ಮಾತ್ರೆ ಬಿಟ್ಟು ಎಲೆ ಅಗಿಯಬೇಡಿ ಎಂದು ನಾನು ಬಾಗಿಲಲ್ಲೇ ಉಪದೇಶ ಮಾಡುತ್ತಿದ್ದೆ. ಒಂದು ದಿನ ಅತ್ತೆ ಕೇಳಿದರು, "ಹಂಗಾದ್ರೆ ಇದು ಯಾವುದಕ್ಕೂ ಬರಾದಿಲ್ವಾ?" ದೊಡ್ಡ ಆಸ್ಪತ್ರೆಗಳಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಒಂದು ಇಂಜೆಕ್ಷನ್ನನ್ನು ಇದೇ ಗಿಡದಿಂದ ತೆಗೆಯುತ್ತಾರೆ, ಆದರೆ ಅದನ್ನು ಹನಿ ಹನಿ ಅಳೆದು ಕೊಡಬೇಕು, ಅಗಿದು ತಿನ್ನುವುದಲ್ಲ ಎಂದು ನನಗೆ ಗೊತ್ತಿದ್ದಷ್ಟು ಹೇಳಿದೆ. ಅತ್ತೆ ಬಹಳ ಹೊತ್ತು ಆ ಪುಟ್ಟ ಗುಲಾಬಿ ಬಣ್ಣದ ಹೂಗಳನ್ನೇ ನೋಡಿದರು. "ಮಕ್ಕಳಿಗಾ?" ಎಂದರು. ಮಾರನೆಯ ದಿನದಿಂದ ಆ ಗಿಡಕ್ಕೆ ಒಂದು ಚೊಂಬು ನೀರು ಹೆಚ್ಚಿಗೆ ಬೀಳತೊಡಗಿತು.

ಪಕ್ಕದ ಕುರಿರೊಪ್ಪದ ಯಜಮಾನರನ್ನು ನಾನು ಕುರಿಮಾವ ಎಂದು ಕರೆಯುತ್ತಿದ್ದೆ. ಐವತ್ತು ದಾಟಿದ ಗಟ್ಟಿ ಆಳು. ಮಾತು ಕಡಿಮೆ, ಹೆಗಲ ಮೇಲೆ ಸದಾ ಕಂಬಳಿ. ಹೆಂಡತಿ ತೀರಿಕೊಂಡ ಮೇಲೆ ಪರಶುರಾಂಪುರದ ಕಡೆಯ ತಮ್ಮ ಹಳ್ಳಿ ಬಿಟ್ಟು, ಮಗ, ಸೊಸೆ, ಕೊನೆಯ ಮಗಳ ಜತೆ ಇಲ್ಲಿ ಬಂದು ನೆಲೆಸಿದ್ದರು. ಕುರಿಗಳ ಜತೆಗೆ ಒಂದಿಷ್ಟು ಈರುಳ್ಳಿ ಹೊಲವಿತ್ತು. ಅವರಿಗೆ ಮಂಡಿನೋವು. ಸಂಜೆ ಕುರಿ ಕೂಡಿದ ಮೇಲೆ ಬೇಲಿಯ ಹತ್ತಿರ ಬಂದು, ಅತ್ತೆಯನ್ನು ಅಕ್ಕನೆಂದೇ ಕರೆದು, "ಯಕ್ಕ, ಎಲೆ ಐತಾ?" ಎನ್ನುತ್ತಿದ್ದರು. ಅತ್ತೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಅದಕ್ಕೆಂದೇ ಇಟ್ಟಿದ್ದ ಹಳೆಯ ಹಂಚಿನ ಮೇಲೆ ಬಾಡಿಸಿ, ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದರು. ಗಾಯವಿದ್ದ ಕಡೆ ಕಟ್ಟಬೇಡಿ, ಆ ಹಾಲು ಕಣ್ಣಿಗೆ ತಾಗಿಸಬೇಡಿ ಎಂದು ನಾನು ಹೇಳುತ್ತಿದ್ದೆ. "ಆತು ನರ್ಸಮ್ಮ," ಎನ್ನುತ್ತಿದ್ದರು ಅವರು ಗಂಭೀರವಾಗಿ. ಬದಲಿಗೆ ಆಗಾಗ ಒಂದು ಮಂಕರಿ ಕುರಿಗೊಬ್ಬರ ನಮ್ಮ ಬೇಲಿಯೊಳಗೆ ಬಂದು ಬೀಳುತ್ತಿತ್ತು. ಆ ತೋಟ ಹಾಗೆ ಮೈದುಂಬಿ ನಿಂತಿದ್ದರಲ್ಲಿ ಅದನ್ನು ಮುಟ್ಟದ ಕುರಿಗಳ ಪಾಲೂ ಇತ್ತು.

ಯುಗಾದಿ ಹತ್ತಿರ ಬಂದಾಗ ಅತ್ತೆ ಮನೆ ಸಾರಿಸಿ, ಸುಣ್ಣ ಬಳಿಸಿ, ಕಣಗಿಲೆ ಬಹಳ ಹರಡಿಕೊಂಡಿದೆ ಎಂದು ಕೊಂಬೆಗಳನ್ನು ಕಡಿದು ಬೇಲಿಯಾಚೆ ಎಸೆದರು. ಹಸಿಯಾಗಿದ್ದಾಗ ಕುರಿಗಳು ಅದರ ಹತ್ತಿರವೂ ಸುಳಿಯಲಿಲ್ಲ. ಬಿಸಿಲಿಗೆ ಎಲೆ ಬಾಡಿ ಮೆತ್ತಗಾದ ಮೇಲೆ ಅದರ ಕಹಿ ಅವಕ್ಕೆ ತಿಳಿಯಲಿಲ್ಲವೋ, ಮೇವಿಲ್ಲದ ಕಾಲದ ಹಸಿವೋ. ಕುರಿಮಾವನ ಹಿಂಡಿನಲ್ಲಿ ಒಂದೇ ಒಂದು ಬಿಳಿ ಕುರಿ ಇತ್ತು. ಉಳಿದವೆಲ್ಲ ಕರಿಯವು. ಆ ಬಿಳಿ ಕುರಿ ಎಲ್ಲಕ್ಕಿಂತ ಹಿಂದೆ ಉಳಿದು ಆ ರಾಶಿಗೆ ಬಾಯಿ ಹಾಕಿತು. ರೊಪ್ಪ ಸೇರುವ ಮೊದಲೇ ಕಾಲು ನಡುಗಿ ಬಿತ್ತು, ಆಮೇಲೆ ಏಳಲಿಲ್ಲ.

ನಾನು ಡ್ಯೂಟಿ ಮುಗಿಸಿ ಬರುವಾಗ ಬೇಲಿಯ ಎರಡೂ ಕಡೆ ಜನ ಸೇರಿದ್ದರು. ಕುರಿಮಾವನಂಥ ಮೆತ್ತಗಿನ ಮನುಷ್ಯ ಹಾಗೆ ಕೂಗಾಡಿದ್ದನ್ನು ನಾನು ಕಂಡಿರಲಿಲ್ಲ.

"ಕಿತ್ತಾಕು ನಿನ್ನ ಗಿಡಾನ! ಎಲ್ಲಾನೂ ಕಿತ್ತಾಕು! ಮನೆ ಮುಂದೆ ವಿಷ ಬೆಳ್ಕಂಡು ಕುಂತೀಯಲ್ಲ, ನೀನೇನು ಹೆಣ್ಣು?"

ಅತ್ತೆಗೆ ತಪ್ಪಾಗಿದೆ ಎಂದು ಗೊತ್ತಿತ್ತು. ಆದರೆ ಅಷ್ಟು ಜನರ ಮುಂದೆ ಆ ಮಾತು ಕೇಳಿದಾಗ ಅವರ ಬಾಯೂ ಸುಮ್ಮನಿರಲಿಲ್ಲ.

"ನಿನ್ನ ಕುರಿ ಕಟ್ಟಾಕ್ಕ ಹೋಗು! ಊರ ಕುರಿಯೆಲ್ಲ ನನ್ನ ಮಲ್ಲಿಗೆ ತಿಂದಾಗ ನಾನೇನಾರ ಕೂಗಿದ್ನಾ?"

ನನ್ನವರು ನಡುವೆ ಬಂದು ಕೈಮುಗಿದರು. ಅಮ್ಮನಿಂದ ತಪ್ಪಾಯಿತು, ಪರಶುರಾಂಪುರದ ಕಡೆಯಿಂದ ಒಂದು ಒಳ್ಳೆಯ ಕುರಿಯನ್ನೇ ತಂದುಕೊಡುತ್ತೇನೆ ಎಂದರು. ಕುರಿಮಾವ ಒಪ್ಪಲಿಲ್ಲ. "ಬ್ಯಾಡ ಮೇಷ್ಟ್ರೆ. ಈ ಮನೇದು ನನಗೇನೂ ಬ್ಯಾಡ," ಎಂದು ಹೊರಟುಹೋದರು. ಒಂದು ಕುರಿಗೆ ಇಷ್ಟೇಕೆ, ರೋಗ ಬಂದು ಎಷ್ಟು ಕುರಿ ಸತ್ತಿಲ್ಲ ಎಂದು ಓಣಿಯವರು ಮಾತಾಡಿಕೊಂಡರು. ನಮಗೂ ಹಾಗೇ ಅನ್ನಿಸಿತು.

ಅಲ್ಲಿಂದ ಮಾತು ನಿಂತಿತು. ಎಲೆ ಕೇಳಲು ಅವರು ಬರಲಿಲ್ಲ. ಗೊಬ್ಬರದ ಮಂಕರಿಯೂ ಬರಲಿಲ್ಲ. ಕುಂಟುತ್ತ ಹಿಂಡಿನ ಹಿಂದೆ ಹೋಗುವಾಗ ನಮ್ಮ ಮನೆಯ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಅತ್ತೆ ಗಿಡ ಕೀಳಲಿಲ್ಲ. ಆದರೆ ಅಂದಿನಿಂದ ಕಡಿದ ಒಂದು ರೆಂಬೆಯನ್ನೂ ಹೊರಗೆ ಎಸೆಯಲಿಲ್ಲ. ಹಿತ್ತಿಲಲ್ಲಿ ಗುಣಿ ತೋಡಿ, ಒಂದೊಂದು ಎಲೆಯನ್ನೂ ಆರಿಸಿ ಹಾಕಿ ಮುಚ್ಚಿ, ಮೇಲೆ ಕಲ್ಲು ಹೇರುತ್ತಿದ್ದರು. ನಾನು ಸಹಾಯಕ್ಕೆ ಹೋದರೆ, "ನೀ ಹೋಗವ್ವ, ಇದು ನನ್ನ ಕೆಲಸ," ಎನ್ನುತ್ತಿದ್ದರು.

ಮುಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಕುರಿಗಳ ಮೈಮೇಲೆ ಉಣ್ಣಿ ಮುತ್ತಿತು. ಒಂದು ಬೆಳಿಗ್ಗೆ ಕುರಿಮಾವ ಈರುಳ್ಳಿಗೆ ಹೊಡೆದು ಉಳಿದಿದ್ದ ಔಷಧಿಯನ್ನು ಬಕೆಟ್ಟಿಗೆ ಬಗ್ಗಿಸಿಕೊಂಡು, ಚಿಂದಿ ಬಟ್ಟೆ ಅದ್ದಿ ಒಂದೊಂದೇ ಕುರಿಯ ಮೈಗೆ ತಿಕ್ಕತೊಡಗಿದರು. ಬರಿಗೈ. ಮೊಣಕೈವರೆಗೂ ಔಷಧಿ ಹರಿಯುತ್ತಿತ್ತು. ಜಾಲಿಮುಳ್ಳು ಗೀರಿದ ಗಾಯಗಳು ಆ ಕೈಗಳ ಮೇಲೆ ಯಾವಾಗಲೂ ಇರುತ್ತಿದ್ದವು.

ಅತ್ತೆ ಅಂಗಳದಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಆಮೇಲೆ ನನಗೆ ಎಷ್ಟೋ ಸಲ ಹೇಳಿದ್ದಾರೆ: "ಕೈಗೆ ಏನಾರ ಕಟ್ಕಳಪ್ಪಾ ಅಂತ ಕೂಗಾಣ ಅಂದ್ಕಂಡೆ. ಮಾತು ಬಾಯಿ ತನಕ ಬಂತು ಕಣವ್ವ. ಮಾತಿಲ್ಲ ಕತೆಯಿಲ್ಲ, ಹೆಂಗೆ ಕೂಗಲಿ ಅಂತ ನುಂಗ್ಕಂಡೆ."

ಬಿಸಿಲು ಏರಿದ ಮೇಲೆ ಕುರಿಮಾವ ರೊಪ್ಪದ ಬಾಗಿಲಲ್ಲೇ ಕುಸಿದರು. ಮಗ ಓಡಿ ಬರುವ ಹೊತ್ತಿಗೆ ಅತ್ತೆ ಬೇಲಿ ದಾಟಿ ಅಲ್ಲಿದ್ದರು. ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ ಸದ್ದು. ಹೊಲಕ್ಕೆ ಔಷಧಿ ಹೊಡೆಯಲು ಹೋಗಿ ಆಸ್ಪತ್ರೆ ಸೇರಿದವರ ಕತೆಗಳನ್ನು ನಾನು ರಾತ್ರಿ ಊಟದ ಹೊತ್ತಿಗೆ ಹೇಳುತ್ತಿದ್ದುದು ಅತ್ತೆಗೆ ನೆನಪಿತ್ತು. ಅಂಗಿ ಹರಿದು ಬಿಸಾಡಿದರು. ನಮ್ಮ ಡ್ರಮ್ಮಿನ ನೀರು ಹೊತ್ತು ತಂದು, ಬಟ್ಟೆ ಸೋಪು ಹಾಕಿ ಮೈಕೈ ಉಜ್ಜಿ ತೊಳೆದರು. ಆಮೇಲೆ ರಸ್ತೆಯ ನಡುವೆ ಕೈ ಅಗಲಿಸಿ ನಿಂತು, ಮಿಲ್ಲಿಗೆ ಶೇಂಗಾ ಮೂಟೆ ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರನ್ನು ತಡೆದರು. ಮಗನನ್ನೂ ಅಪ್ಪನನ್ನೂ ಮೂಟೆಗಳ ಮೇಲೆ ಹತ್ತಿಸಿ, ಔಷಧಿಯ ಬಾಟ್ಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮಗನ ಕೈಗಿತ್ತರು. "ನಮ್ಮ ಸೊಸೆ ಅಲ್ಲೇ ಐತೆ. ಇದನ್ನ ತೋರ್ಸು. ಕೈಯಾಗೆ ತಿಕ್ಕಿದ ಅಂತ ಹೇಳು. ಓಡು!"

ನಾನು ಡ್ಯೂಟಿಯಲ್ಲಿದ್ದೆ. ಟ್ರಾಲಿಯಿಂದ ಇಳಿಸಿದ ಮನುಷ್ಯನನ್ನು ನೋಡಿ ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಕಣ್ಣಿನ ಪಾಪೆಗಳು ಸೂಜಿಮೊನೆಯಷ್ಟಾಗಿದ್ದವು. ನಮ್ಮ ಡಾಕ್ಟರು ಚಿಕ್ಕ ವಯಸ್ಸಿನವರು, ಕೆಲಸದಲ್ಲಿ ಚುರುಕು. ಬಾಟ್ಲಿ ನೋಡಿದವರೇ ಅಟ್ರೋಪಿನ್ ಇಂಜೆಕ್ಷನ್ ತರಲು ಹೇಳಿದರು. ಒಂದರ ಹಿಂದೆ ಒಂದು ಕೊಟ್ಟೆವು. ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳುವುದು, ನಾಡಿ ನೋಡುವುದು, ಮತ್ತೆ ಕೊಡುವುದು. ನನ್ನ ಬೆರಳುಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ತಲೆಯಲ್ಲಿ ಮಾತ್ರ, ಇವರು ಹೋಗಿಬಿಟ್ಟರೆ ಅತ್ತೆ ಬದುಕಿರುವವರೆಗೂ ಆ ನುಂಗಿದ ಮಾತನ್ನು ಮರೆಯಲಾರರು ಎಂಬುದೊಂದೇ ಓಡುತ್ತಿತ್ತು ಎಂದು ಬರೆದರೆ ಸುಳ್ಳಾದೀತು, ಆ ಮಾತು ನನಗೆ ಗೊತ್ತಾದದ್ದೇ ಆಮೇಲೆ. ಆಗ ನನಗೆ ಇದ್ದದ್ದು ಬರೀ ಹೆದರಿಕೆ. ಸಂಜೆಯಾಗುವ ಹೊತ್ತಿಗೆ ಎದೆಯ ಗೊರಗೊರ ನಿಂತಿತು. ಬಾಯಿ ಒಣಗಿತು. ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತು ನೀರು ಕೇಳಿದರು.

ಮಾರನೆಯ ಬೆಳಿಗ್ಗೆ ಅತ್ತೆ ಗಂಜಿ ಹಿಡಿದುಕೊಂಡು ವಾರ್ಡಿಗೆ ಬಂದರು. ನೀರು ಹೊತ್ತು ಅವರ ತೋಳುಗಳು ಸೋತುಹೋಗಿದ್ದವು. ಹಿಂದಿನ ದಿನ ಟ್ರ್ಯಾಕ್ಟರು ಹೋದಮೇಲೆ ಕುರಿಮಾವನ ಸೊಸೆಯನ್ನು ಕರೆದುಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಇಡೀ ಹಿಂಡಿನ ಮೈ ತೊಳೆದಿದ್ದರಂತೆ. ನಮ್ಮ ಮನೆಯ ನೀರೆಲ್ಲ ಅದಕ್ಕೇ ಆಗಿತ್ತು. ಜೊಲ್ಲು ಸುರಿಸುತ್ತಿದ್ದ ಮರಿಗಳೂ ಬದುಕಿಕೊಂಡವು.

ವಾರ್ಡಿನಲ್ಲಿ ಮಗ ಹೆದರಿ ಮೂಲೆಗೆ ನಿಂತಿದ್ದ. "ಅಪ್ಪಗೆ ತಲೆ ಕೆಟ್ಟೈತೆ ಅತ್ತೆಮ್ಮ. ನನ್ನನ್ನೇ ಗುರ್ತು ಹಿಡೀತಿಲ್ಲ."

ಕುರಿಮಾವ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಮುಖ ಕೆಂಪಗೆ, ಪಾಪೆಗಳು ಅಗಲವಾಗಿ ಕಣ್ಣೆಲ್ಲ ಕಪ್ಪು. ತೊಡೆಯ ಮೇಲೆ ಹೊದಿಕೆಯನ್ನು ಕುರಿಯಂತೆ ಅಡ್ಡ ಹಾಕಿಕೊಂಡು, ಇಲ್ಲದ ಕತ್ತರಿಯಿಂದ ಉಣ್ಣೆ ಕತ್ತರಿಸುತ್ತಿದ್ದರು. ಕತ್ತರಿಸಿದ ಉಣ್ಣೆಯನ್ನು ಗಾಳಿಯಲ್ಲಿ ಹಿಡಿದು ಪಕ್ಕಕ್ಕೆ ಒಟ್ಟುತ್ತಿದ್ದರು. ಪಕ್ಕದ ಹಾಸಿಗೆಯವನಿಗೆ, "ಕಾಲು ಗಟ್ಟಿ ಹಿಡ್ಕಳಲೇ, ಒದೀತೈತೆ," ಎಂದು ಗದರಿದರು. ಆ ಬಡಪಾಯಿ ಹೆದರಿ ಹೊದಿಕೆಯ ಒಂದು ತುದಿ ಹಿಡಿದುಕೊಂಡಿದ್ದ.

ಅತ್ತೆ ನನ್ನ ರಟ್ಟೆ ಹಿಡಿದು ಹೊರಗೆ ಎಳೆದರು. ಪಿಸುದನಿಯಲ್ಲಿ ಕೇಳಿದರು.

"ಏನೇ ಮಾಡಿದೀಯ ಅವನಿಗೆ? ಉಮ್ಮತ್ತಿ ಕೊಟ್ಟೀಯಾ?"

ಸಿದ್ದಾಪುರದಲ್ಲಿ ಚಿಕ್ಕವರಿದ್ದಾಗ ಉಮ್ಮತ್ತಿಯ ಬೀಜ ತಿಂದ ಹುಡುಗಿಯೊಬ್ಬಳನ್ನು ಅವರು ನೋಡಿದ್ದರಂತೆ. ಹೀಗೇ ಕೆಂಪು ಮುಖ, ಹೀಗೇ ಕಪ್ಪು ಕಣ್ಣು, ಹೀಗೇ ಗಾಳಿಯಲ್ಲಿ ಏನನ್ನೋ ಹಿಡಿಯುವುದು.

ನನಗೆ ನಗು ಬಂತು, ಅಳುವೂ ಬಂತು. "ಹೌದತ್ತೆ, ಒಂಥರಾ ಉಮ್ಮತ್ತೀನೇ ಕೊಟ್ಟಿರೋದು," ಎಂದೆ. ಕೂರಿಸಿಕೊಂಡು ತಿಳಿಸಿ ಹೇಳಿದೆ. ಹೊಲದ ಔಷಧಿ ಮನುಷ್ಯನ ಮೈಯನ್ನೆಲ್ಲ ಒದ್ದೆ ಮಾಡುತ್ತದೆ, ಎದೆಯೊಳಗೂ ನೀರು ತುಂಬಿ ಉಸಿರು ಕಟ್ಟಿಸುತ್ತದೆ. ಉಮ್ಮತ್ತಿಯೊಳಗಿನ ವಿಷ ಅದಕ್ಕೆ ತದ್ವಿರುದ್ಧ, ಎಲ್ಲವನ್ನೂ ಒಣಗಿಸುತ್ತದೆ. ನಾವು ಕೊಟ್ಟ ಇಂಜೆಕ್ಷನ್ನು ಅದೇ ವಿಷ, ಅಳೆದು ಶುದ್ಧ ಮಾಡಿದ್ದು. ಎದೆ ಒಣಗುವವರೆಗೂ ಕೊಡಲೇಬೇಕು. ಕೊಟ್ಟಾಗ ಸ್ವಲ್ಪ ಹೊತ್ತು ಹೀಗೆ ಬಡಬಡಿಸುತ್ತಾರೆ, ಇಳಿದುಹೋಗುತ್ತದೆ. ಅಷ್ಟರಲ್ಲಿ ರೌಂಡ್ಸಿಗೆ ಬಂದ ಡಾಕ್ಟರೂ ತಲೆಯಾಡಿಸಿ, "ಹೌದಮ್ಮ, ನಾಳೆಗೆ ಸರಿಹೋಗ್ತಾರೆ, ಹೆದರಬೇಡಿ," ಎಂದರು.

ಅತ್ತೆ ಗಂಜಿಯ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಬಚ್ಚಲ ಪಕ್ಕದ್ದು?" ಎಂದರು, ಖಚಿತ ಮಾಡಿಕೊಳ್ಳುವವರ ಹಾಗೆ.

"ಆ ಜಾತಿದೇ."

ಒಳಗೆ ಹೋದೆವು. ನಾನು ಜ್ವರ ನೋಡಲು ಬಗ್ಗಿದಾಗ ಕುರಿಮಾವ ನನ್ನ ಬಿಳಿ ಸೀರೆಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮುಖ ಅರಳಿತು.

"ಬಂದ್ಯಾ ಬಿಳೀ? ಎಲ್ಲಿ ಹೋಗಿದ್ಯೇ? ಎಷ್ಟು ಹುಡುಕೋದು ನಿನ್ನ?"

ನನಗೆ ಅರ್ಥವಾಗಲಿಲ್ಲ. ಅವರು ಸೆರಗನ್ನು ಸವರುತ್ತ, ಮಗುವಿಗೆ ಹೇಳುವ ಹಾಗೆ ಹೇಳತೊಡಗಿದರು. "ಆ ಯಕ್ಕನ ಬೇಲಿ ಕಡೆ ಹೋಗಬ್ಯಾಡ ಅಂದಿರ್ಲಿಲ್ವಾ? ನಿಮ್ಮವ್ವ ಸತ್ತಾಗ ನಮ್ಮೋಳು ಬಾಟ್ಲಿಯಾಗೆ ಹಾಲು ಹಾಕಿ ಸಾಕಿದ್ಲು ನಿನ್ನ. ಪಕ್ಕದಾಗೇ ಮಲಗಿಸ್ಕಳಾಳು. ಸಾಯೋ ಮುಂಚೆ, ಬಿಳೀನ ಮಾರಬ್ಯಾಡ ಅಂದ್ಲು. ನಾನು ಮಾರಲಿಲ್ಲ. ಮಾರಲಿಲ್ಲ ಕಣೇ. ಈಗ ಬಂದು ಕೇಳಿದ್ರೆ ಏನ್ ಹೇಳ್ಲಿ?"

ಅತ್ತೆ ಹಾಸಿಗೆಯ ಕಾಲ ಬಳಿ ಗಂಜಿಯ ಪಾತ್ರೆ ಹಿಡಿದು ನಿಂತೇ ಇದ್ದರು. ಅವರು ಅಲ್ಲಿರುವುದು ಕುರಿಮಾವನಿಗೆ ಗೊತ್ತಿರಲಿಲ್ಲ.

"ಯಕ್ಕ ಕೆಟ್ಟೋಳಲ್ಲ," ಎಂದರು ಅವರು ನನಗೆ, ಅಂದರೆ ಆ ಬಿಳಿ ಕುರಿಗೆ. "ಈಗ ಕಡಿದಿದ್ದೆಲ್ಲ ಗುಣಿ ತೋಡಿ ಹೂಳ್ತಾಳೆ. ನಾನು ನೋಡೀನಿ. ಕಲ್ಲು ಹೇರ್ತಾಳೆ ಮ್ಯಾಲೆ. ನಾನೇ ಮಾತಾಡ್ಸಿಲ್ಲ. ಸಿಟ್ಟು ನಂದು."

ಅತ್ತೆ ಪಾತ್ರೆಯನ್ನು ಸ್ಟೂಲಿನ ಮೇಲಿಟ್ಟು ಹೊರಗೆ ಹೋದರು. ನಾನು ಹೋಗಿ ನೋಡಿದಾಗ ವರಾಂಡದ ಕಟ್ಟೆಯ ಮೇಲೆ ಕುಳಿತು ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದರು. ನಾನು ಪಕ್ಕದಲ್ಲಿ ಕುಳಿತೆ. ಕೊನೆಗೆ ಕಣ್ಣೊರೆಸಿಕೊಂಡು, "ಇವನು ಹೇಳಿದ್ದು ಯಾರ್ ಮುಂದೆನೂ ಅನಬ್ಯಾಡ. ಅವನ ಮುಂದೂ ಅನಬ್ಯಾಡ. ಅಮಲಿನಾಗೆ ಆಡಿದ ಮಾತು, ಅವನದ್ದು ಅವನಿಗೇ ಇರಲಿ," ಎಂದರು. ನಾನು ಆಗಲಿ ಎಂದೆ.

ಡಾಕ್ಟರು ಹೇಳಿದ ಹಾಗೇ ಆಯಿತು. ಮರುದಿನ ಕುರಿಮಾವ ಮಗನನ್ನು ಗುರುತಿಸಿ, ಕುರಿಗಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದರು. ನಡುವಿನದ್ದು ಏನೂ ನೆನಪಿರಲಿಲ್ಲ. ಮನೆಗೆ ಹೋದ ಮೇಲೆ ಇಬ್ಬರೂ ಬೇಲಿಯ ಎರಡು ಕಡೆ ಸುಮ್ಮನೆ ಓಡಾಡಿಕೊಂಡಿದ್ದರು. ಯಾರು ಮೊದಲು ಬಾಯಿ ತೆರೆಯಬೇಕು ಎಂಬುದೇ ಸಮಸ್ಯೆ. ಒಂದು ಸಂಜೆ ಅತ್ತೆಗೆ ತಡೆಯಲಾಗಲಿಲ್ಲ.

"ಏನಪ್ಪಾ, ಕೈಗೆ ಒಂದು ಚೀಲ ಕಟ್ಕಳಾಕೆ ಏನ್ ಧಾಡಿ ನಿನಗೆ? ಆ ಮಕ್ಕಳ ಗತಿ ಏನಾಗ್ತಿತ್ತು?"

ಕುರಿಮಾವ ತಲೆ ಬಗ್ಗಿಸಿಕೊಂಡೇ, "ಆತು ಬಿಡಕ್ಕ, ತಪ್ಪಾತು," ಎಂದರು. ಸ್ವಲ್ಪ ತಡೆದು, "ಮಂಡಿ ಭಾಳ ನೋಯ್ತೈತೆ," ಎಂದರು. ಅತ್ತೆ ಆಗಲೇ ಒಳಗೆ ಹಂಚು ಹುಡುಕಲು ಹೋಗಿದ್ದರು.

ಅದಾದ ಮೇಲೆ ಕೆಲವು ತಿಂಗಳು ಅತ್ತೆಯನ್ನು ಹಿಡಿಯುವುದೇ ಕಷ್ಟವಾಯಿತು. ಬಂದವರಿಗೆಲ್ಲ ಬಚ್ಚಲ ಪಕ್ಕದ ಗಿಡ ತೋರಿಸುವುದು. "ಇದರ ಜಾತಿದೇ ಅವನ ಜೀವ ಉಳಿಸಿದ್ದು. ನಮ್ಮ ಸೊಸೆನೇ ಕೊಟ್ಟಿದ್ದು." ನನಗೆ ಒಳಗೊಳಗೇ ಭಯ. ಭಯಪಟ್ಟ ಹಾಗೇ ಒಂದು ಮಧ್ಯಾಹ್ನ ಹಿಂದಿನ ಓಣಿಯ ಹೆಂಗಸೊಬ್ಬಳು ಓಡಿ ಬಂದಳು. ಅವಳ ಗಂಡ ಹೊಲದಲ್ಲಿ ಔಷಧಿ ಹೊಡೆದು ಬಂದು ವಾಂತಿ ಮಾಡುತ್ತಿದ್ದಾನೆ, ಉಮ್ಮತ್ತಿಯ ಕಾಯಿ ಕೊಡಿ, ಅರೆದು ಕುಡಿಸುತ್ತೇನೆ ಎಂದಳು. ನಾನು ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ಅತ್ತೆ ಅವಳ ಎದುರು ಗಿಡಕ್ಕೆ ಅಡ್ಡ ನಿಂತಿದ್ದರು.

"ಹುಚ್ಚಿ! ಗಿಡದಾಗೆ ಎಷ್ಟೈತೆ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಕುಡಿಸಿದ್ರೆ ಒಂದು ವಿಷದ ಮ್ಯಾಲೆ ಇನ್ನೊಂದು ವಿಷ ಆಗ್ತೈತೆ. ಅಂಗಿ ಬಿಚ್ಚಿ ಮೈ ತೊಳಿ, ಆಸ್ಪತ್ರೆಗೆ ಕರ್ಕಂಡು ನಡಿ. ನಡಿ ಅಂದೆ!"

ತಾವೇ ಅವಳ ಜತೆ ಹೋಗಿ ಆಟೋ ಹತ್ತಿಸಿ ಬಂದರು. ಆತ ಬದುಕಿಕೊಂಡ. ಅಂದಿನಿಂದ ಅತ್ತೆ ಉಮ್ಮತ್ತಿಯ ಕತೆ ಹೇಳುವುದನ್ನು ನಿಲ್ಲಿಸಿದರು. ಕಾಯಿ ಬಲಿಯುವ ಮೊದಲೇ ಕಿತ್ತು ಹೂಳತೊಡಗಿದರು. ಹೂವು ಮಾತ್ರ ಬಿಡುತ್ತಿತ್ತು, ಸಂಜೆಗೆ ದೊಡ್ಡ ಬಿಳಿ ಕೊಳವೆಗಳ ಹಾಗೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ತವರಿನ ಕಡೆಗೆ ಹೋಗುತ್ತೇವೆಂದು ಅತ್ತೆಗೆ ಸಂತೋಷ. ಗುಡ್ಡದ ಕೆಳಗೆ ಬಾಡಿಗೆ ಮನೆ, ಪಕ್ಕದಲ್ಲೇ ಮಗ್ಗದ ಸದ್ದು. ಅಲ್ಲಿಗೆ ಒಂದು ದಿನ ಬೆಳಗಿನ ಬಸ್ಸಿಗೆ ಕುರಿಮಾವ ಬಂದಿಳಿದರು. ತಲೆ ಪೂರಾ ನೆರೆತಿತ್ತು. ಕೊನೆಯ ಮಗಳ ಮದುವೆ ಗೊತ್ತಾಗಿದೆ, ಧಾರೆಗೆ ಇಲ್ಲಿಯ ರೇಷ್ಮೆ ಸೀರೆಯನ್ನೇ ತೆಗೆಯಬೇಕು, ಹೆಂಗಸರು ನೋಡಿ ಆರಿಸಿದರೆ ಒಳ್ಳೆಯದು ಎಂದು ಬಂದಿದ್ದರು.

ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾಗ ಅವರು ತಟ್ಟನೆ ನನ್ನನ್ನು ಕೇಳಿದರು. "ನರ್ಸಮ್ಮ, ಅವತ್ತು ಆಸ್ಪತ್ರೆಯಾಗೆ ನಾನೇನೇನೋ ಮಾತಾಡಿದ್ನಂತಲ್ಲ. ಮಗ ಹೇಳಲ್ಲ, ನಗ್ತಾನೆ. ಏನಂದೆ ನಾನು?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಇನ್ನೇನಂತೀಯ? ವಾರ್ಡಿನೋರಿಗೆಲ್ಲ ಉಣ್ಣೆ ಕತ್ತರಿಸಿದೆ. ಅಷ್ಟೇಯ," ಎಂದರು.

ಕುರಿಮಾವ ನಕ್ಕರು. ನಗು ನಿಂತ ಮೇಲೆ ಬಾಗಿಲಾಚೆ ನೋಡುತ್ತ, "ಯಕ್ಕ, ಆ ಬಿಳಿ ಕುರಿ ಸತ್ತಾಗ ನಾನು ಹಂಗೆ ಕೂಗಬಾರದಾಗಿತ್ತು," ಎಂದರು. "ಅದು ನಮ್ಮೋಳು ಬಾಟ್ಲಿ ಹಾಲು ಕುಡಿಸಿ ಸಾಕಿದ್ದ ಮರಿ. ಯಾರಿಗೂ ಹೇಳಿರಲಿಲ್ಲ ನಾನು."

ಒಂದೊಂದಾಗಿ ಎಲ್ಲವನ್ನೂ ಹೇಳಿದರು. ಮರಿಯ ತಾಯಿ ಸತ್ತದ್ದು, ಹೆಂಡತಿ ಅದನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದುದು, ಮಾರಬೇಡ ಎಂದದ್ದು. ಅತ್ತೆ ಒಂದು ಮಾತನ್ನೂ ನಡುವೆ ಆಡದೆ, ಮೊದಲ ಸಲ ಕೇಳುವವರ ಹಾಗೇ ಕೇಳಿದರು. "ಅಯ್ಯೋ ನಮ್ಮಪ್ಪ," ಎಂದರು ಒಂದು ಕಡೆ, ನಿಜವಾಗಿಯೂ ಆಗ ತಿಳಿಯಿತೇನೋ ಎನ್ನುವಂತೆ. ಎಲ್ಲ ಮುಗಿದ ಮೇಲೆ ಕೇಳಿದರು: "ನೋಡಾಕೆ ಹೆಂಗಿದ್ಲಪ್ಪ ನಿನ್ನ ಹೆಂಡ್ತಿ?"

"ಕುಳ್ಳಿ. ಮಾತು ಜೋರು. ನಿನ್ನಂಗೇ."

ಅತ್ತೆ ನಕ್ಕು ಎದ್ದು ಸೆರಗು ಸರಿಮಾಡಿಕೊಂಡರು. ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಮಗ್ಗದವರ ಮನೆಗೆ ಹೋದೆವು. ಕುರಿಮಾವ ಬಾಗಿಲ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು, ಯಾವುದನ್ನು ತೋರಿಸಿದರೂ ಚೆನ್ನಾಗಿದೆ ಎನ್ನುತ್ತಿದ್ದರು. ಅತ್ತೆ ಮಾತ್ರ ಒಂದೊಂದು ಸೀರೆಯನ್ನೂ ಬೆಳಕಿಗೆ ಹಿಡಿದು, ಅಂಚು ತಿರುಗಿಸಿ, ಸೆರಗನ್ನು ತಮ್ಮ ಹೆಗಲಿಗೆ ಹಾಕಿ ನೋಡಿ, ತೆಲುಗಿನಲ್ಲಿ ನೇಕಾರರ ಜತೆ ಜಗಳವಾಡಿ, ಹುಡುಗಿಯ ಬಣ್ಣ ಯಾವುದು, ಎತ್ತರ ಎಷ್ಟು ಎಂದು ಕುರಿಮಾವನನ್ನು ಕೇಳಿ ಕೇಳಿ, ಕೊನೆಗೆ ಹಸಿರು ಅಂಚಿನ ಕುಂಕುಮ ಬಣ್ಣದ ಒಂದು ಸೀರೆ ಆರಿಸಿದರು. ಕುರಿಮಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಂಬಳಿಯೊಳಗೆ ಸುತ್ತಿ ಇಟ್ಟುಕೊಂಡರು.